ಪಾರ್ಸೆಲ್ ಬಿಚ್ಚಿದ ಮೇಲೆ ಖುಷಿ ಯಾಕೆ ಇಳಿಯುತ್ತದೆ?

ಪ್ರಶ್ನೆ: ನನಗೆ 36 ವರ್ಷ. ಶಿವಮೊಗ್ಗದ ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ. ವಾರಕ್ಕೊಂದೆರಡು ಸಲ ಆನ್‌ಲೈನ್‌ನಲ್ಲಿ ಏನಾದರೂ ತರಿಸುತ್ತೇನೆ, ಹೆಚ್ಚಾಗಿ ಸೀರೆ. ಆರ್ಡರ್ ಮಾಡಿದಾಗಿನಿಂದ ಪಾರ್ಸೆಲ್ ಕೈಗೆ ಬರುವವರೆಗೆ ಬಹಳ ಖುಷಿ. ಬಿಚ್ಚಿ ನೋಡಿದ ಅರ್ಧ ಗಂಟೆಗೆ ಅದು ಬೀರು ಸೇರುತ್ತದೆ. ರಾತ್ರಿ ರೀಲ್ಸ್ ನೋಡಲು ಕೂತರೆ ಒಂದು ಗಂಟೆ ಹೋದದ್ದೇ ತಿಳಿಯುವುದಿಲ್ಲ, ಆಮೇಲೆ ಏನೋ ಖಾಲಿ ಖಾಲಿ. ಅದೇ ಗೌರಿ ಹಬ್ಬಕ್ಕೆ ಮನೆಯಲ್ಲೇ ಚಕ್ಕುಲಿ ಮಾಡಿದಾಗ ಸೊಂಟ ಬಿದ್ದುಹೋಗಿತ್ತು, ಆದರೆ ಮೂರು ದಿನ ಮನಸ್ಸು ತುಂಬಿಕೊಂಡಿತ್ತು. ಇವೆರಡೂ ಬೇರೆ ಬೇರೆಯೇ? ‘ಇದ್ದದ್ದರಲ್ಲಿ ತೃಪ್ತಿ ಪಡಬೇಕಮ್ಮ’ ಅನ್ನುತ್ತಾರೆ ಅತ್ತೆ. ತೃಪ್ತಿ ಅಂದರೆ ಆಸೆ ಬಿಡುವುದೇ? ಅದನ್ನು ಬೆಳೆಸಿಕೊಳ್ಳಲು ದಾರಿ ಇದೆಯೇ?

ಉತ್ತರ: ಬೇರೆ ಬೇರೆಯೇ. ನಿಮ್ಮ ಪತ್ರದಲ್ಲಿ ಮೂರು ಸಂಗತಿಗಳು ಕಲಸಿಕೊಂಡಿವೆ: ಬೇಕು ಬೇಕು ಅನ್ನಿಸುವ ಹಪಹಪಿ, ಸಿಕ್ಕ ಗಳಿಗೆಯ ಸವಿ, ಮುಗಿದ ಮೇಲೂ ಉಳಿಯುವ ತೃಪ್ತಿ. ಪಾರ್ಸೆಲ್ಲಿನಲ್ಲಿ ಹಪಹಪಿ ತುಂಬಾ, ಸವಿ ಒಂದಿಷ್ಟು, ತೃಪ್ತಿ ಇಲ್ಲವೇ ಇಲ್ಲ. ಚಕ್ಕುಲಿಯಲ್ಲಿ ಈ ಲೆಕ್ಕ ತಿರುಗುಮುರುಗಾಗಿದೆ. ಆಸೆ ಬಿಡುವ ಅಗತ್ಯ ನಿಮಗಿಲ್ಲ. ನಿಮ್ಮ ಆಸೆಗಳು ಎಲ್ಲೂ ಮುಗಿಯುತ್ತಿಲ್ಲ, ತೊಂದರೆ ಅಲ್ಲಿದೆ. ತೃಪ್ತಿಗೆ ಒಂದು ಮುಕ್ತಾಯ ಬೇಕು. ಅದನ್ನು ಕಟ್ಟಿಕೊಳ್ಳುವ ಕ್ರಮವನ್ನು ಹೇಳುತ್ತೇನೆ. ಕಾರಣ ಗೊತ್ತಿಲ್ಲದೆ ಕ್ರಮ ಹಿಡಿದರೆ ಎರಡು ವಾರಕ್ಕೆ ಕೈಬಿಡುತ್ತೀರಿ, ಹಾಗಾಗಿ ಮೊದಲು ಕಾರಣ.

1954ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮೆದುಳಿಗೆ ತೆಳುವಾದ ತಂತಿ ಇಳಿಸಿ, ಒಂದು ಸನ್ನೆಕೋಲು ಒತ್ತಿದರೆ ಅಲ್ಲಿಗೆ ಸಣ್ಣ ವಿದ್ಯುತ್ ಹರಿಯುವಂತೆ ಮಾಡಿದರು. ಇಲಿಗಳು ಬಿಡದೆ ಒತ್ತಿದವು. ಮುಂದಿನ ಪ್ರಯೋಗಗಳಲ್ಲಂತೂ ಗಂಟೆಗೆ ಸಾವಿರಾರು ಸಲ. ಸುಖದ ಕೇಂದ್ರವೇ ಸಿಕ್ಕಿತು ಎಂದು ಬಹಳ ವರ್ಷ ಎಲ್ಲರೂ ನಂಬಿದ್ದರು. 1980ರ ದಶಕದ ಕೊನೆಯಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಮತ್ತು ಸಂಗಡಿಗರು ಆ ನಂಬಿಕೆಯನ್ನು ಅಲ್ಲಾಡಿಸಿದರು. ಮೆದುಳಿನಲ್ಲಿ ಡೋಪಮೀನ್ ಎಂಬ ರಾಸಾಯನಿಕ ಬಹುಪಾಲು ಇಲ್ಲದಂತೆ ಮಾಡಿದ ಇಲಿಗಳು ತಿಂಡಿ ಪಕ್ಕದಲ್ಲೇ ಇದ್ದರೂ ಅತ್ತ ಹೋಗುತ್ತಿರಲಿಲ್ಲ, ಹಾಗೇ ಬಿಟ್ಟರೆ ಹಸಿವಿನಿಂದ ಸಾಯುವ ಸ್ಥಿತಿ. ಆದರೆ ಸಕ್ಕರೆ ನೀರಿನ ಹನಿಯನ್ನು ಬಾಯಿಗೇ ಬಿಟ್ಟರೆ ಉಳಿದ ಇಲಿಗಳ ಹಾಗೆಯೇ ನಾಲಗೆ ಚಪ್ಪರಿಸುತ್ತಿದ್ದವು. ಸವಿ ಹಾಗೇ ಉಳಿದಿತ್ತು, ಹಪಹಪಿ ಮಾತ್ರ ಹೋಗಿತ್ತು. ಡೋಪಮೀನ್ ಮುಖ್ಯವಾಗಿ ನಮ್ಮನ್ನು ಒಂದು ವಸ್ತುವಿನ ಕಡೆ ಓಡಿಸುತ್ತದೆ. ಅದು ಕೊಟ್ಟ ಓಟದ ಬಲಕ್ಕೆ ತಕ್ಕಷ್ಟು ಸವಿ ಕೊನೆಯಲ್ಲಿ ಕಾದಿರುತ್ತದೆ ಅಂತೇನೂ ಇಲ್ಲ.

ಇದರ ಜೊತೆಗೆ ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಮಂಗಗಳಲ್ಲಿ ಕಂಡದ್ದನ್ನು ಇಟ್ಟು ನೋಡಿ. ಮೊದಮೊದಲು ಹಣ್ಣಿನ ರಸ ಬಾಯಿಗೆ ಬಿದ್ದಾಗ ಮಂಗದ ಡೋಪಮೀನ್ ನರಕೋಶಗಳು ಚುರುಕಾಗುತ್ತಿದ್ದವು. ದೀಪ ಹತ್ತಿದ ಮೇಲೆ ರಸ ಬರುತ್ತದೆ ಎಂದು ಕಲಿತ ಬಳಿಕ ದೀಪಕ್ಕೇ ಚುರುಕಾದವು, ರಸ ಬಂದಾಗ ಸುಮ್ಮನಿದ್ದವು. ದೀಪ ಹತ್ತಿಯೂ ರಸ ಬರದಿದ್ದರೆ ಅವುಗಳ ಚಟುವಟಿಕೆ ಇದ್ದದ್ದಕ್ಕಿಂತ ಕೆಳಗೆ ಇಳಿಯಿತು. ‘ನಿಮ್ಮ ಪಾರ್ಸೆಲ್ ಇವತ್ತು ತಲುಪಲಿದೆ’ ಅನ್ನುವ ಮೆಸೇಜು ನಿಮ್ಮ ದೀಪ. ಸೀರೆ ಕೈಗೆ ಬರುವ ಹೊತ್ತಿಗೆ ಮೆದುಳಿಗೆ ಅದು ಹಳೆಯ ಸುದ್ದಿ. ಬಣ್ಣ ಫೋಟೋದಲ್ಲಿ ಕಂಡದ್ದಕ್ಕಿಂತ ಒಂದು ಛಾಯೆ ಮಂಕಾಗಿದ್ದರೆ ಖುಷಿ ಇನ್ನಷ್ಟು ಇಳಿಯುತ್ತದೆ.

ಇಲ್ಲಿ ಒಂದು ಮಾತು. ಖುಷಿ ಕೊಡುವುದನ್ನೆಲ್ಲ ಸ್ವಲ್ಪ ಕಾಲ ಬಿಟ್ಟಿರುವ ‘ಡೋಪಮೀನ್ ಉಪವಾಸ’ ಅನ್ನುವುದು ಈಚೆಗೆ ಪ್ರಚಾರದಲ್ಲಿದೆ. ನಡೆಯಲು, ಕೈ ಎತ್ತಲು, ಕಲಿಯಲು ಎಲ್ಲಕ್ಕೂ ಬೇಕಾದ ರಾಸಾಯನಿಕಕ್ಕೆ ಉಪವಾಸ ಮಾಡಿಸಲು ಬರುವುದಿಲ್ಲ. ಒಂದು ದಿನ ಫೋನ್ ಮುಟ್ಟದಿದ್ದರೆ ಕಣ್ಣಿಗೂ ನಿದ್ದೆಗೂ ಒಳ್ಳೆಯದು, ಮಾಡಿ. ಮೆದುಳು ತೊಳೆದು ಹೊಸದಾಯಿತು ಎಂದು ಮಾತ್ರ ನಂಬಬೇಡಿ.

ಈಗ ಮುಕ್ತಾಯದ ವಿಷಯ. 1993ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಸಹೋದ್ಯೋಗಿಗಳು ಕೆಲವರ ಕೈಯನ್ನು 14 ಡಿಗ್ರಿ ಸೆಲ್ಸಿಯಸ್ ತಣ್ಣೀರಿನಲ್ಲಿ 60 ಸೆಕೆಂಡು ಇಡಿಸಿದರು. ಇನ್ನೊಂದು ಸರದಿಯಲ್ಲಿ ಅದೇ 60 ಸೆಕೆಂಡು, ಅದರ ಮೇಲೆ ಇನ್ನೂ 30 ಸೆಕೆಂಡು. ಆ ಕೊನೆಯ 30 ಸೆಕೆಂಡಿನಲ್ಲಿ ಮಾತ್ರ ನೀರು ನಿಧಾನವಾಗಿ 15 ಡಿಗ್ರಿಗೆ ಏರುತ್ತಿತ್ತು. ಮತ್ತೊಮ್ಮೆ ಮಾಡಬೇಕಾದರೆ ಯಾವುದಾದೀತು ಎಂದು ಕೇಳಿದಾಗ ಹೆಚ್ಚಿನವರು ಎರಡನೆಯದನ್ನೇ ಆರಿಸಿದರು. ಒಟ್ಟು ನೋವು ಅದರಲ್ಲೇ ಜಾಸ್ತಿ, ಕೊನೆ ಮಾತ್ರ ಸ್ವಲ್ಪ ಹಿತ. ಒಂದು ಅನುಭವದ ತೀವ್ರ ಗಳಿಗೆ ಮತ್ತು ಅದು ಮುಗಿದ ರೀತಿ, ಇವೆರಡು ನೆನಪನ್ನು ಬಹಳವಾಗಿ ರೂಪಿಸುತ್ತವೆ. ಹಿತವಾದ ಕೊನೆಯೇ ಇಲ್ಲದಿದ್ದರೆ ನೆನಪಿನಲ್ಲಿ ತೃಪ್ತಿ ಉಳಿಯುವುದು ಕಷ್ಟ.

ನಮ್ಮ ಹಬ್ಬದ ಊಟವನ್ನೇ ನೋಡಿ. ಬಾಳೆ ಎಲೆಯ ತುದಿಗೆ ಉಪ್ಪು, ಕೋಸಂಬರಿ, ಪಲ್ಯ. ಆಮೇಲೆ ತೊವ್ವೆ ಅನ್ನಕ್ಕೆ ತುಪ್ಪ, ಸಾರು, ಹುಳಿ, ನಡುವೆ ಹೋಳಿಗೆ, ಕೊನೆಗೆ ಮಜ್ಜಿಗೆ. 1980ರ ದಶಕದ ಆರಂಭದಲ್ಲಿ ಆಕ್ಸ್‌ಫರ್ಡ್‌ನಲ್ಲಿ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು ತೋರಿಸಿದ್ದು ಇದು: ಒಂದೇ ತಿನಿಸನ್ನು ತಿನ್ನುತ್ತಾ ಹೋದಂತೆ ಆ ತಿನಿಸಿನ ರುಚಿ ಇಳಿಯುತ್ತದೆ, ಇನ್ನೂ ತಿನ್ನದ ತಿನಿಸಿನ ರುಚಿ ಹಾಗೇ ಇರುತ್ತದೆ. ಹುಳಿಯನ್ನದಲ್ಲಿ ಹೊಟ್ಟೆ ತುಂಬಿದವರಿಗೂ ಹೋಳಿಗೆಗೆ ಜಾಗ ಇರುವುದು ಇದರಿಂದಲೇ. ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ಸರಿಯಾಗಿ ತಲುಪಲು ಸುಮಾರು 15–20 ನಿಮಿಷ ಬೇಕು. ಪಂಕ್ತಿಯಲ್ಲಿ ಬಡಿಸುವವರ ಸುತ್ತುಗಳು ಆ ಹೊತ್ತನ್ನು ತಾವಾಗಿಯೇ ಕೊಡುತ್ತವೆ. ಮಜ್ಜಿಗೆ ಬಂತೆಂದರೆ ಊಟ ಮುಗಿಯಿತು, ಎಲೆ ಮಡಿಸಿ ಎಲ್ಲರೂ ಒಟ್ಟಿಗೆ ಏಳುತ್ತಾರೆ. ಟಿವಿ ಮುಂದೆ ಚಿಪ್ಸ್ ಪ್ಯಾಕೆಟ್ ಹಿಡಿದು ಕೂತಾಗ ಈ ಸರದಿಯೂ ಇಲ್ಲ, ಈ ಹೊತ್ತೂ ಇಲ್ಲ, ಏಳುವ ಗಳಿಗೆಯೂ ಇಲ್ಲ. ಪ್ಯಾಕೆಟ್ ಖಾಲಿಯಾದಾಗಲೂ ಕೈ ಇನ್ನೊಂದಕ್ಕೆ ಹುಡುಕುತ್ತಿರುತ್ತದೆ.

ಇನ್ನು ಕ್ರಮ. ಮೊದಲ 14 ದಿನ ಏನನ್ನೂ ಬಿಡಬೇಡಿ, ಬರೆದಿಡಿ ಅಷ್ಟೆ. ಖಿನ್ನತೆಯ ಚಿಕಿತ್ಸೆಯಲ್ಲಿ ಮನಶ್ಶಾಸ್ತ್ರಜ್ಞರು ಪ್ರತಿ ಕೆಲಸಕ್ಕೂ ಎಷ್ಟು ಸಂತೋಷ, ಎಷ್ಟು ಸಾಧಿಸಿದ ಭಾವ ಎಂದು ಅಂಕ ಹಾಕಿಸುತ್ತಾರೆ. ಅದನ್ನೇ ನಿಮಗೆ ತಕ್ಕಂತೆ ಸ್ವಲ್ಪ ಬದಲಿಸಿಕೊಳ್ಳಿ. ನೋಟ್‌ಬುಕ್ಕಿನ ಒಂದು ಪುಟದಲ್ಲಿ ಮೂರು ಕಲಂ: ಏನು ಮಾಡಿದೆ, ಮುಗಿಸಿದ ಕೂಡಲೇ ಎಷ್ಟು ಖುಷಿ, ಮರುದಿನ ಬೆಳಿಗ್ಗೆ ನೆನೆಸಿಕೊಂಡರೆ ಎಷ್ಟು ತೃಪ್ತಿ. ಅಂಕ ಸೊನ್ನೆಯಿಂದ ಹತ್ತು. ದಿನಕ್ಕೆ ಐದಾರು ಸಾಲು ಸಾಕು. ಭಾನುವಾರ ಕೂತು ಇಡೀ ವಾರದ್ದನ್ನು ಒಟ್ಟಿಗೆ ಬರೆಯಬೇಡಿ. ಆಗ ಒಂದೆರಡು ದೊಡ್ಡ ಗಳಿಗೆಗಳೇ ಎಲ್ಲವನ್ನೂ ನುಂಗಿಬಿಡುತ್ತವೆ, ಲೆಕ್ಕ ಕೆಡುತ್ತದೆ. ಮೂರನೆಯ ಕಲಮನ್ನು ರಾತ್ರಿಯೇ ತುಂಬಿಬಿಡುವುದು ಇನ್ನೊಂದು ಸಾಮಾನ್ಯ ತಪ್ಪು; ನಿದ್ದೆ ಮಾಡಿ ಎದ್ದ ಮೇಲೇ ಅದು ನಿಜ ಹೇಳುವುದು.

ಎರಡು ವಾರದ ಬಳಿಕ ಪುಟ ನೋಡಿದರೆ ನಿಮಗೇ ಕಾಣುತ್ತದೆ. ಎಂಟು ಹಾಕಿ ಮರುದಿನ ಎರಡಕ್ಕೆ ಇಳಿದ ಸಾಲುಗಳನ್ನು ಪೂರ್ತಿ ಕಿತ್ತುಹಾಕಬೇಡಿ, ಅರ್ಧಕ್ಕೆ ಇಳಿಸಿ. ಸಣ್ಣ ಸವಿಗಳೂ ಬದುಕಿಗೆ ಬೇಕು. ನಾಲ್ಕು ಹಾಕಿ ಮರುದಿನ ಎಂಟಕ್ಕೆ ಏರಿದ ಸಾಲುಗಳಿಗೆ ಹೊತ್ತು ಹೆಚ್ಚಿಸಿ. ಎರಡೂ ಕಡೆ ಎರಡೋ ಮೂರೋ ಬಂದವನ್ನು ಬಿಡಿ. ಅವು ಬರೀ ಅಭ್ಯಾಸಬಲದಿಂದ ನಡೆಯುತ್ತಿರುವಂಥವು.

ಸೀರೆಗೆ ಬರೋಣ. ಬೇಕೆನಿಸಿದ್ದನ್ನು ಕಾರ್ಟ್‌ನಲ್ಲಿ ಇಡಬೇಡಿ. ನೋಟ್‌ಬುಕ್ಕಿನಲ್ಲಿ ತಾರೀಖು, ಬೆಲೆ, ಯಾವ ದಿನ ಉಡುತ್ತೀರಿ ಅಷ್ಟು ಬರೆದು ಆ್ಯಪ್ ಮುಚ್ಚಿ, ಮೂರು ರಾತ್ರಿ ಕಾಯಿರಿ. ಕಾರ್ಟ್ ಯಾಕೆ ಬೇಡ ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. ಸ್ಟ್ಯಾನ್‌ಫರ್ಡ್‌ನ ಬಿಂಗ್ ನರ್ಸರಿ ಶಾಲೆಯಲ್ಲಿ ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಪುಟ್ಟ ಮಕ್ಕಳಿಗೆ, ಕಾದರೆ ಹೆಚ್ಚು ಇಷ್ಟದ ತಿನಿಸು, ಕಾಯಲಾಗದಿದ್ದರೆ ಕಡಿಮೆ ಇಷ್ಟದ್ದು ಎಂದು ಹೇಳಿ ಕೂರಿಸಿದ ಪ್ರಯೋಗಗಳು ಹೆಸರುವಾಸಿ. 1970ರ ವರದಿಯಲ್ಲಿ, ಎರಡೂ ತಿನಿಸು ಕಣ್ಣೆದುರಿದ್ದ ಮಕ್ಕಳು ಸರಾಸರಿ ಒಂದು ನಿಮಿಷದಷ್ಟು ಕಾದರು. ಯಾವುದೂ ಕಾಣದಂತೆ ಇಟ್ಟಾಗ ಸುಮಾರು 11 ನಿಮಿಷ. ಮಕ್ಕಳ ಮನೋಬಲದಲ್ಲಿ ವ್ಯತ್ಯಾಸವಿರಲಿಲ್ಲ, ಕಣ್ಣೆದುರು ಇದ್ದದ್ದರಲ್ಲಿ ಇತ್ತು. ಕಾರ್ಟ್‌ನಲ್ಲಿ ಇಟ್ಟು ದಿನಕ್ಕೆ ನಾಲ್ಕು ಸಲ ನೋಡಿದರೆ ಮೂರು ದಿನದಲ್ಲಿ ಹಪಹಪಿ ಹೆಚ್ಚುತ್ತದೆಯೇ ಹೊರತು ತಣಿಯುವುದಿಲ್ಲ. ಆ್ಯಪಿನ ನೋಟಿಫಿಕೇಶನ್ ಆಫ್ ಮಾಡಿ, ಉಳಿಸಿಟ್ಟ ಕಾರ್ಡ್ ವಿವರ ಅಳಿಸಿ. ಪ್ರತಿ ಸಲ 16 ಅಂಕಿ ಒತ್ತುವ ಆ ಒಂದು ನಿಮಿಷವೂ ಕೆಲಸಕ್ಕೆ ಬರುತ್ತದೆ. ‘ಇನ್ನು ಎರಡೇ ಗಂಟೆ’ ಎಂದು ಓಡುವ ಗಡಿಯಾರಕ್ಕೆ ಹೆದರಬೇಡಿ. ಸುಳ್ಳು ತುರ್ತು ಹುಟ್ಟಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ಮಾರ್ಗಸೂಚಿ ನಿಷೇಧಿತ ತಂತ್ರಗಳ ಪಟ್ಟಿಯಲ್ಲಿ ಸೇರಿಸಿದೆ.

ಆ ಮಕ್ಕಳ ಪ್ರಯೋಗದಿಂದ ‘ಕಾದವರು ಬದುಕಿನಲ್ಲಿ ಗೆದ್ದರು’ ಎಂಬ ಪಾಠ ತೆಗೆದು ತಂದೆತಾಯಂದಿರನ್ನು ಹೆದರಿಸುವವರಿದ್ದಾರೆ. 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಹಿಡಿದು ನೋಡಿದಾಗ, ಮನೆಯ ಸ್ಥಿತಿಗತಿ, ತಾಯಿಯ ಓದು ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ ಆ ನಂಟು ಬಹಳ ಸಣ್ಣದಾಯಿತು. 2013ರ ಇನ್ನೊಂದು ಪ್ರಯೋಗದಲ್ಲಿ, ಕೊಟ್ಟ ಮಾತು ಉಳಿಸಿಕೊಂಡ ದೊಡ್ಡವರ ಮುಂದೆ ಮಕ್ಕಳು ಸರಾಸರಿ 12 ನಿಮಿಷ ಕಾದರು, ಮಾತು ತಪ್ಪಿದವರ ಮುಂದೆ ಮೂರೇ ನಿಮಿಷ. ನಾಳೆ ಸಿಗುತ್ತದೆ ಎಂಬ ಭರವಸೆ ಇಲ್ಲದಲ್ಲಿ ಇವತ್ತೇ ತಿನ್ನುವುದು ಬುದ್ಧಿವಂತಿಕೆ. ನಿಮ್ಮ ಮನೆಯಲ್ಲಿ ಮಕ್ಕಳಿದ್ದರೆ ಇದು ನೆನಪಿರಲಿ.

ಮೂರು ರಾತ್ರಿ ಕಳೆದೂ ಸೀರೆ ಬೇಕೆನಿಸಿದರೆ ಸಂಕೋಚವಿಲ್ಲದೆ ಕೊಳ್ಳಿ. ಆದರೆ ಬಂದ ಸೀರೆಯನ್ನು ಮುಗಿಸಿ. ಫಾಲ್ ಹಚ್ಚಿಸಿಲ್ಲ, ಅಂಚಿಗೆ ಪೀಕೊ ಹಾಕಿಸಿಲ್ಲ, ಬ್ಲೌಸ್ ಪೀಸ್ ಕತ್ತರಿಸದೆ ಸೀರೆಯ ತುದಿಯಲ್ಲೇ ಇದೆ, ಹಾಗೇ ಮಡಿಸಿ ಕವರಿನಲ್ಲಿ ಇಟ್ಟಾಗಿದೆ. ಅದು ಇನ್ನೂ ಸೀರೆಯೇ ಆಗಿಲ್ಲ, ನಿಮ್ಮ ಕೈಗೆ ಬಂದ ಬಟ್ಟೆ ಅಷ್ಟೆ. ಹಾಗಾಗಿ ನಿಯಮ ಇದು: ಪಾರ್ಸೆಲ್ ಬಂದ ವಾರದೊಳಗೆ ದರ್ಜಿಯ ಹತ್ತಿರ ಹೋಗಬೇಕು, ಹೊಲಿದು ಬಂದ ಮೇಲೆ ಒಮ್ಮೆಯಾದರೂ ಉಟ್ಟು ಹೊರಗೆ ಹೋಗಿರಬೇಕು, ಆಮೇಲೇ ಮುಂದಿನ ಆರ್ಡರ್. ಮೊದಲ ತಿಂಗಳು ಇದು ಕಿರಿಕಿರಿ ಅನ್ನಿಸೀತು, ಯಾಕೆಂದರೆ ಬೀರುವಿನಲ್ಲಿ ಮುಗಿಯದ ಸೀರೆಗಳೇ ಐದಾರು ಸಿಗುತ್ತವೆ. ಅವನ್ನು ಒಂದೊಂದಾಗಿ ಮುಗಿಸುತ್ತಾ ಬನ್ನಿ. ಹೊಸ ದುಡ್ಡು ಖರ್ಚಿಲ್ಲದೆ ಹೊಸ ಸೀರೆ ಉಟ್ಟ ಸಂತೋಷ ಅದರಲ್ಲಿದೆ.

ಬೆಲೆ ಹೆಚ್ಚಿನದನ್ನು ಕೊಂಡರೆ ತೃಪ್ತಿ ಹೆಚ್ಚೀತೇ ಎಂದು ಕೆಲವರು ಕೇಳುತ್ತಾರೆ. 1978ರಲ್ಲಿ ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ದೊಡ್ಡ ಲಾಟರಿ ಗೆದ್ದ 22 ಮಂದಿಯನ್ನು ಮಾತಾಡಿಸಿದಾಗ, ಗೆಳೆಯರ ಜೊತೆ ಹರಟೆ, ಬೆಳಗಿನ ತಿಂಡಿಯಂಥ ದಿನನಿತ್ಯದ ಸವಿ ಅವರಿಗೆ ಗೆಲ್ಲದವರಿಗಿಂತ ಕಡಿಮೆಯಾಗಿತ್ತು. ಸಣ್ಣ ಅಧ್ಯಯನ ಅದು, ಅದರ ಮೇಲೆ ಬಹಳ ಭಾರ ಹಾಕಲಾರೆ. ಆದರೂ ಒಂದನ್ನು ಎತ್ತರಕ್ಕೇರಿಸಿದಾಗ ಪಕ್ಕದವು ತಗ್ಗಾಗಿ ಕಾಣುವುದನ್ನು ನಾವೆಲ್ಲ ಬಲ್ಲೆವು.

ರೀಲ್ಸ್‌ನದು ಇನ್ನೂ ನೇರವಾದ ಸಮಸ್ಯೆ. ಅಲ್ಲಿ ಕೊನೆ ಎಂಬುದನ್ನೇ ತೆಗೆದುಹಾಕಿದ್ದಾರೆ. ಬೆರಳಾಡಿಸಿದಷ್ಟೂ ಹೊಸದು ಬರುವ ವಿನ್ಯಾಸವನ್ನು 2006ರಲ್ಲಿ ರೂಪಿಸಿದವರಲ್ಲಿ ಒಬ್ಬರಾದ ಏಜಾ ರಾಸ್ಕಿನ್ ಆಮೇಲೆ ಅದಕ್ಕಾಗಿ ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟರು. ಅದರ ಮೇಲೆ, ಹತ್ತು ವಿಡಿಯೋಗಳಲ್ಲಿ ಯಾವುದು ಚೆನ್ನಾಗಿರುತ್ತದೆ ಎಂದು ಮೊದಲೇ ತಿಳಿಯುವುದಿಲ್ಲ. ಯಾವಾಗ ಸಿಗುತ್ತದೆಂದು ಗೊತ್ತಿಲ್ಲದ ಬಹುಮಾನಕ್ಕೆ ಪ್ರಾಣಿಗಳು ಬಿಡದೆ ಪ್ರಯತ್ನಿಸುತ್ತವೆ ಎಂಬುದನ್ನು ಬಿ. ಎಫ್. ಸ್ಕಿನ್ನರ್ ಪಾರಿವಾಳಗಳಲ್ಲಿ ತೋರಿಸಿ ದಶಕಗಳೇ ಆದವು. ಇಷ್ಟೆಲ್ಲ ನಿಮ್ಮ ಎದುರು ಕೂತಿರುವಾಗ ‘ನನಗೆ ಮನಸ್ಸಿನ ಹಿಡಿತವಿಲ್ಲ’ ಎಂದು ನಿಮ್ಮನ್ನೇ ಬೈದುಕೊಳ್ಳಬೇಡಿ.

ಅರ್ಧ ಗಂಟೆಯ ಟೈಮರ್ ಇಟ್ಟು ಸೋತವರು ಬಹಳ. ಟೈಮರ್ ಹೊಡೆಯುವುದು ಯಾವುದೋ ವಿಡಿಯೋದ ನಡುವೆ, ಅದು ಮುಕ್ತಾಯವಲ್ಲ, ತುಂಡರಿಸಿದ ಹಾಗೆ. ಒಂದು ಬೆರಳಲ್ಲಿ ಅದನ್ನು ತಳ್ಳಿಹಾಕಲೂಬಹುದು. ಬದಲಿಗೆ ತಾನಾಗಿ ಮುಗಿಯುವಂಥದ್ದನ್ನು ಆರಿಸಿ: 20–25 ನಿಮಿಷದ ಒಂದು ಕಂತು, ಒಂದು ಯಕ್ಷಗಾನದ ಪ್ರಸಂಗದ ತುಣುಕು, ಮೊದಲೇ ಇಳಿಸಿಟ್ಟುಕೊಂಡ ಒಂದು ಸಂಗೀತ ಕಛೇರಿ. ಆಟೋಪ್ಲೇ ಆಫ್ ಇರಲಿ. ಚಾರ್ಜರನ್ನು ಮಲಗುವ ಕೋಣೆಯಿಂದ ಹಾಲ್‌ಗೆ ವರ್ಗಾಯಿಸಿ, ಬೆಳಿಗ್ಗೆಗೆ ಬೇರೆ ಅಲಾರಂ ಗಡಿಯಾರ ತನ್ನಿ. ‘ಅಲಾರಂಗೆ ಫೋನ್ ಬೇಕು’ ಅನ್ನುವ ನೆಪದಲ್ಲೇ ಹೆಚ್ಚಿನವರ ಪ್ರಯತ್ನ ಮುರಿಯುವುದು. ಮೊದಲ ನಾಲ್ಕೈದು ರಾತ್ರಿ ಚಡಪಡಿಕೆ ಇರುತ್ತದೆ. ನಿದ್ದೆ ಬಂದಿಲ್ಲವೆಂದು ಎದ್ದು ಫೋನ್ ತಂದರೆ ಲೆಕ್ಕ ಮತ್ತೆ ಮೊದಲಿನಿಂದ.

ಬರೀ ತೆಗೆದುಹಾಕಿದರೆ ಸಾಲದು, ಆ ಜಾಗಕ್ಕೆ ಚಕ್ಕುಲಿಯಂಥದ್ದು ಬರಬೇಕು. ಚಕ್ಕುಲಿ ನಿಮಗೆ ಯಾಕೆ ತೃಪ್ತಿ ಕೊಟ್ಟಿತು? ನಾಲ್ಕು ಪಾವು ಅಕ್ಕಿಗೆ ಒಂದು ಪಾವು ಹುರಿದ ಉದ್ದು, ಬೆಣ್ಣೆ, ಎಳ್ಳು, ಗುರಿ ಸ್ಪಷ್ಟ. ಒತ್ತುವಾಗ ಎಳೆ ತುಂಡಾದರೆ ನೀರು ಕಡಿಮೆ, ಎಣ್ಣೆಯಲ್ಲಿ ಹರಡಿ ಪುಡಿಯಾದರೆ ಬೆಣ್ಣೆ ಹೆಚ್ಚು, ಹೊರಗೆ ಕೆಂಪಾಗಿ ಒಳಗೆ ಮೆತ್ತಗಿದ್ದರೆ ಉರಿ ಜೋರು. ಒಂದೊಂದು ಚಕ್ಕುಲಿಯೂ ಆಗಿಂದಾಗಲೇ ಉತ್ತರ ಹೇಳುತ್ತದೆ, ಕೈ ತಿದ್ದಿಕೊಳ್ಳುತ್ತದೆ. ಹಿಟ್ಟು ಮುಗಿದಾಗ ಕೆಲಸ ಮುಗಿಯುತ್ತದೆ, ಡಬ್ಬಿ ತುಂಬಿದ್ದು ಕಣ್ಣಿಗೆ ಕಾಣುತ್ತದೆ, ನಾಲ್ಕು ಮಂದಿ ತಿನ್ನುತ್ತಾರೆ. ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಎಂಬ ಮನಶ್ಶಾಸ್ತ್ರಜ್ಞ ತನ್ಮಯತೆಗೆ ಗುರುತಿಸಿದ ಷರತ್ತುಗಳು ಹೆಚ್ಚುಕಡಿಮೆ ಇವೇ: ಸ್ಪಷ್ಟ ಗುರಿ, ತಕ್ಷಣದ ಮಾರುತ್ತರ, ಕೈಚಳಕಕ್ಕೆ ತಕ್ಕ ಕಷ್ಟ. ಇಂಥ ಕೆಲಸದ ನಡುವೆ ‘ಖುಷಿಯಾಗಿದ್ದೀಯಾ’ ಎಂದು ಯಾರಾದರೂ ಕೇಳಿದರೆ ಉತ್ತರ ತೋಚದು. ಖುಷಿ ಗಮನಕ್ಕೆ ಬರುವುದೇ ಆಮೇಲೆ.

ಇಂಥ ಕೆಲಸ ವಾರಕ್ಕೆ ಎರಡು ಸಲ, ಪ್ರತಿ ಸಲ 45ರಿಂದ 90 ನಿಮಿಷ, ಸಾಧ್ಯವಾದರೆ ಪ್ರತಿ ವಾರವೂ ಅದೇ ದಿನ ಅದೇ ಹೊತ್ತು. ಕೂತಲ್ಲೇ ಮುಗಿಯುವಷ್ಟು ಸಣ್ಣದಾಗಿರಲಿ. ‘ಕಸೂತಿ ಕಲಿಯುತ್ತೇನೆ’ ಬೇಡ; ಕರ್ಚೀಫಿನ ಮೂಲೆಗೆ ಒಂದು ಗೋಪುರ ಸಾಕು. ‘ಕೈತೋಟ ಮಾಡುತ್ತೇನೆ’ ಬೇಡ. ಎರಡು ಕುಂಡದ ಮಣ್ಣು ಬದಲಿಸಿ ಗಿಡ ನೆಡಿ. ಹಳೆಯ ಫೋಟೋಗಳಲ್ಲಿ ಐವತ್ತನ್ನು ಆಲ್ಬಂಗೆ ಹಚ್ಚಿ ಹಿಂದೆ ಹೆಸರು ಬರೆಯಿರಿ.

ಇಲ್ಲಿ ಕೆಡುವ ಜಾಗಗಳು ಗೊತ್ತಿರಲಿ. ಒಂದು, ನಡುವೆ ಫೋಟೋ ತೆಗೆದು ಸ್ಟೇಟಸ್ ಹಾಕುವುದು. ಆಗ ಕೆಲಸ ಬಿಟ್ಟು ಲೈಕಿನ ಲೆಕ್ಕ ಶುರುವಾಗುತ್ತದೆ. 1973ರಲ್ಲಿ, ಅದೇ ಬಿಂಗ್ ಶಾಲೆಯಲ್ಲಿ, ಚಿತ್ರ ಬಿಡಿಸುವುದು ಇಷ್ಟವಿದ್ದ ಮಕ್ಕಳಿಗೆ ‘ಬಿಡಿಸಿದರೆ ಸರ್ಟಿಫಿಕೇಟ್’ ಎಂದು ಮೊದಲೇ ಹೇಳಿ ಕೊಟ್ಟರು. ಆಮೇಲೆ ಬಿಡುವಿನಲ್ಲಿ ಆ ಮಕ್ಕಳು ಚಿತ್ರ ಬಿಡಿಸುವುದೇ ಕಡಿಮೆಯಾಯಿತು. ಫೋಟೋ ಹಾಕಲೇಬೇಕೆಂದರೆ ಮರುದಿನ ಹಾಕಿ. ಇನ್ನೊಂದು, ಮುಗಿಯುವ ಗಡಿಯನ್ನು ಮುಂದಕ್ಕೆ ತಳ್ಳುತ್ತಾ ಹೋಗುವುದು: ಇನ್ನೂ ಸ್ವಲ್ಪ ಚೆನ್ನಾಗಿರಬೇಕಿತ್ತು, ಅಕ್ಕನ ಚಕ್ಕುಲಿ ಇದಕ್ಕಿಂತ ಗರಿಗರಿ. ಎಷ್ಟಾದರೆ ಸಾಕು ಎಂದು ಶುರು ಮಾಡುವ ಮೊದಲೇ ಬರೆದಿಟ್ಟುಕೊಳ್ಳಿ, ಅಲ್ಲಿಗೆ ನಿಲ್ಲಿಸಿ.

ಅತ್ತೆಯವರ ಮಾತಿಗೆ ಬಂದರೆ, ಅದರಲ್ಲಿ ಅನುಭವ ಇದೆ, ಆದರೆ ಆ ಮಾತು ಎಲ್ಲಿ ಸಲ್ಲುತ್ತದೆ ಎಂದು ನೋಡಬೇಕು. ಏಳನೆಯ ಸೀರೆಯ ಮುಂದೆ ಸಲ್ಲುತ್ತದೆ. ಸಂಬಳ ಸಾಲದಿರುವಾಗ, ನಿದ್ದೆಗೆ ಹೊತ್ತು ಸಿಗದಿರುವಾಗ, ಹಬ್ಬದ ಅಡುಗೆಯೆಲ್ಲ ಸೊಸೆಯೊಬ್ಬಳ ಮೇಲೇ ಬಿದ್ದಾಗ ಸಲ್ಲುವುದಿಲ್ಲ. ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಕೆಲಸದ ಜಾಗಗಳ ಬಗ್ಗೆ ಹೇಳಿದ್ದನ್ನು ಇಲ್ಲಿ ನೆನೆಯಬಹುದು: ಸಂಬಳ, ಸವಲತ್ತು, ಮೇಲಿನವರ ನಡತೆ ಸರಿಯಿಲ್ಲದಿದ್ದರೆ ಅತೃಪ್ತಿ ಖಂಡಿತ, ಸರಿಯಿದ್ದ ಮಾತ್ರಕ್ಕೆ ತೃಪ್ತಿ ಬರುವುದಿಲ್ಲ, ಅದಕ್ಕೆ ಕೆಲಸದಲ್ಲೇ ಹುರುಳಿರಬೇಕು. ಕೊರತೆಯನ್ನು ನೀಗಿಸುವುದು ಬೇರೆ ಕೆಲಸ, ತೃಪ್ತಿಯನ್ನು ಕಟ್ಟುವುದು ಬೇರೆ ಕೆಲಸ. ಮೊದಲನೆಯದನ್ನು ಕೇಳುವ ಬಾಯಿಗೆ ಎರಡನೆಯದರ ಉಪದೇಶ ಕೊಡುವುದು ಅನ್ಯಾಯ. ಹೆಣ್ಣುಮಕ್ಕಳಿಗೆ ಇದು ಹೆಚ್ಚು ಆಗುತ್ತದೆ. ಮುಂದಿನ ಹಬ್ಬಕ್ಕೆ ಅತ್ತೆಯವರನ್ನೂ ಯಜಮಾನರನ್ನೂ ಚಕ್ಕುಲಿ ಒರಳಿನ ಸುತ್ತ ಕೂರಿಸಿಕೊಳ್ಳಿ. ಒಬ್ಬರು ಒತ್ತಲಿ, ಒಬ್ಬರು ಕರಿಯಲಿ.

ಕೊನೆಯದಾಗಿ ಎರಡು ಎಚ್ಚರಿಕೆ. ನಿಮ್ಮ ಪುಟದಲ್ಲಿ ಎರಡು ವಾರ ಉದ್ದಕ್ಕೂ ಯಾವ ಸಾಲಿಗೂ ಮೂರರ ಮೇಲೆ ಬಾರದಿದ್ದರೆ, ಹಿಂದೆ ಇಷ್ಟವಿದ್ದ ಊಟ, ಮಾತು, ಮಕ್ಕಳ ಆಟ ಎಲ್ಲವೂ ಸಪ್ಪೆಯಾಗಿದ್ದರೆ, ಜೊತೆಗೆ ನಿದ್ದೆ, ಹಸಿವು ಕೆಟ್ಟಿದ್ದರೆ, ಮೇಲಿನ ಯಾವ ಕ್ರಮವೂ ಸಾಲದು. ಅದು ಖಿನ್ನತೆ ಇರಬಹುದು. ರಕ್ತಹೀನತೆ, ಥೈರಾಯ್ಡ್ ತೊಂದರೆಯಿಂದಲೂ ಸುಸ್ತು, ನಿರಾಸಕ್ತಿ ಬರುತ್ತವೆ. ವೈದ್ಯರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಫೋನಿನ ಬಳಕೆ ನಿಜಕ್ಕೂ ಕೈಮೀರಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಅದಕ್ಕೆಂದೇ ‘ಶಟ್’ ಎಂಬ ಕ್ಲಿನಿಕ್ ನಡೆಯುತ್ತಿದೆ.

ಇನ್ನೊಂದು ಎಚ್ಚರಿಕೆ ಮನೆಯ ಹಿರಿಯರಿಗೆ ಸಂಬಂಧಿಸಿದ್ದು. ಪಾರ್ಕಿನ್ಸನ್ ಕಾಯಿಲೆಗೆ ಪ್ರಮಿಪೆಕ್ಸೋಲ್, ರೋಪಿನಿರೋಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ಇದ್ದಕ್ಕಿದ್ದಂತೆ ಕೊಳ್ಳುವ, ಜೂಜಾಡುವ, ಒಂದೇ ಸಮ ತಿನ್ನುವ ತುಡಿತ ಶುರುವಾಗುತ್ತದೆ. ಡೋಪಮೀನ್‌ನಂತೆ ಕೆಲಸ ಮಾಡುವ ಔಷಧ ಹಪಹಪಿಯನ್ನಷ್ಟೇ ಏರಿಸಿಬಿಟ್ಟಿರುತ್ತದೆ. ಇದನ್ನು ಸ್ವಭಾವ ಕೆಟ್ಟಿತೆಂದು ಬೈಯದೆ ನರರೋಗ ತಜ್ಞರಿಗೆ ಹೇಳಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ದಿಢೀರನೆ ಬಿಟ್ಟರೆ ಬೇರೆ ತೊಂದರೆಗಳಾಗುತ್ತವೆ. ಪ್ರಮಾಣ ಇಳಿಸುವುದನ್ನು ಅವರೇ ಹಂತಹಂತವಾಗಿ ಮಾಡುತ್ತಾರೆ.